ಮೂರೆಲೆಯ ಬಿಲ್ಲೆ

ಅದು ನನ್ನ ಸರ್ಕಾರಿ ಸೇವೆಯ ಕೊನೆಯ ವರ್ಷ. ಮಿಡಿಗೇಶಿ ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಬೆಳಿಗ್ಗೆ ಚಿಕಿತ್ಸಾಲಯ, ಮಧ್ಯಾಹ್ನ ಹಳ್ಳಿಗಳ ಸುತ್ತು, ಸಂಜೆ ಊಟಕ್ಕೆ ಮೊದಲು ನನ್ನ ನಾಣ್ಯಗಳು. ಈ ಕ್ರಮ ತಪ್ಪಿದ ದಿನಗಳು ಕಡಿಮೆ.

ನಾಣ್ಯ ಎಂದರೆ ಆರಂಭ ಕಾಲದ ಅಮೆರಿಕದ ಬೆಳ್ಳಿ ನಾಣ್ಯಗಳು. ಅದರಲ್ಲೂ ಅವುಗಳ ಡೈ ವೆರೈಟಿ. ಡೈ ಎಂದರೆ ನಾಣ್ಯಕ್ಕೆ ಚಿತ್ರ ಒತ್ತುವ ಉಕ್ಕಿನ ಅಚ್ಚು. ಆಗ ಅದನ್ನು ಕೈಯಿಂದಲೇ ಕೊರೆಯುತ್ತಿದ್ದರು. ಒಂದು ಸೀಳಿದರೆ ಇನ್ನೊಂದು ಕೊರೆಯಬೇಕು, ಕೈ ಪ್ರತಿಸಲ ಒಂದೇ ರೀತಿ ಓಡುವುದಿಲ್ಲ. ನಕ್ಷತ್ರ ಕೊಂಚ ಸರಿದಿರುತ್ತದೆ, ಎಲೆಯೊಂದು ಹೆಚ್ಚಾಗಿರುತ್ತದೆ. 1795ರ ಅರ್ಧ ಡಾಲರಿನ ಒಂದು ಮಗ್ಗುಲಲ್ಲಿ ಕೂದಲು ಇಳಿಬಿಟ್ಟ ಹೆಣ್ಣಿನ ತಲೆ, ಇನ್ನೊಂದರಲ್ಲಿ ಹದ್ದು. ಹದ್ದಿನ ಒಂದೊಂದು ರೆಕ್ಕೆಯ ಕೆಳಗೂ ಸಾಮಾನ್ಯವಾಗಿ ಎರಡೆಲೆ ಇರುತ್ತವೆ. ಮೂರೆಲೆ ಇದ್ದರೆ ಅಪರೂಪದ ಅಚ್ಚು. ನನ್ನಲ್ಲಿದ್ದದ್ದು ಸವೆದ ಎರಡು ನಾಣ್ಯ, ಒಂದಷ್ಟು ಚಿತ್ರಗಳು ಮತ್ತು ಸದಾ ಚೀಲದಲ್ಲಿರುತ್ತಿದ್ದ ಭೂತಗನ್ನಡಿ. "ದನದ ಹಲ್ಲು ಎಣಿಸಿದ್ದು ಸಾಲ್ದು ಅಂತ ಹದ್ದಿನ ಎಲೆ ಎಣಿಸ್ತಾರೆ ನಮ್ ಸಾಹೇಬ್ರು" ಎಂದು ನನ್ನ ಸಹಾಯಕ, ಶಿರಾದ ನಜೀರ್, ಬಂದವರಿಗೆಲ್ಲ ಹೇಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಪಾವಗಡದ ದಾರಿಯ ಹಳ್ಳಿಯೊಂದರಿಂದ ಓಬಳೇಶ ಎಂಬಾತ ಫೋನ್ ಮಾಡಿದ. ಅವನ ಹಸು ಕೆಂದಿ ಮೇವು ಬಿಟ್ಟಿತ್ತು. ಏಳು ತಿಂಗಳ ಗಬ್ಬ. ನಜೀರನ ಜೊತೆ ಹೋಗಿ ನೋಡಿದೆ. ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ, ಬೆನ್ನು ಗೂನು ಮಾಡಿ ನಿಂತಿತ್ತು. ಹೆಗಲ ಮೇಲಿನ ಚರ್ಮ ಹಿಡಿದು ಒತ್ತಿದರೆ ಬಗ್ಗಲಿಲ್ಲ, ನರಳಿತು. ಒಳಗೆ ಏನೋ ಚುಚ್ಚುತ್ತಿದೆ ಎಂಬುದಕ್ಕೆ ಇದು ಗುರುತು.

"ಏನು ನುಂಗಿದೆ?" ಎಂದು ಕೇಳಿದೆ.

ಓಬಳೇಶನ ಹೆಂಡತಿ ರತ್ನಮ್ಮ ತಲೆ ಎತ್ತಲಿಲ್ಲ. "ಅಮ್ಮನ್ ಬಿಲ್ಲೆ ಸಾರ್. ಶುಕ್ರವಾರ ಪೂಜೆ ಮುಗ್ಸಿ ಎಡೆ ಎಲೇನ ಹಂಗೇ ಹಸೂಗೆ ಇಕ್ಬುಟ್ಟೆ. ದಾರ ಹರ್ದು ಬಿಲ್ಲೆ ಅನ್ನದಾಗೆ ಬಿದ್ದಿತ್ತು. ನಾನ್ ನೋಡ್ಲಿಲ್ಲ."

ಪೂಜೆಯ ಎಡೆಯನ್ನು ಹಸುವಿಗೆ ಕೊಡುವುದು ಅವರ ಮನೆಯ ವಾಡಿಕೆ. ಹಸು ಅಗಿದು ನುಂಗುವ ಪ್ರಾಣಿಯಲ್ಲ, ನುಂಗಿ ಆಮೇಲೆ ಅಗಿಯುವ ಪ್ರಾಣಿ. ಬಿಲ್ಲೆ ದುಂಡಗಿದ್ದರೆ ಒಳಗೆ ಸುಮ್ಮನೆ ಬಿದ್ದಿರುತ್ತಿತ್ತು. ಆದರೆ ಅದರ ಸುತ್ತ ತಂತಿಯ ಕಟ್ಟು ಹಾಕಿದ್ದರಂತೆ. ಆ ತಂತಿ ಬಿಚ್ಚಿಕೊಂಡು ಎರಡನೆಯ ಹೊಟ್ಟೆಯ ಗೋಡೆಗೆ ನಾಟಿರಬೇಕು. ಅಲ್ಲಿಂದ ಹೃದಯ ನಾಲ್ಕು ಬೆರಳ ದೂರ.

ಹೊಟ್ಟೆ ಕೊಯ್ದು ತೆಗೆಯಬೇಕು ಎಂದೆ. ಓಬಳೇಶನ ತಾಯಿ ಹನುಮಕ್ಕ ಹಸುವಿಗೂ ನನಗೂ ನಡುವೆ ಬಂದು ನಿಂತರು. "ಅಮ್ಮ ಒಳಗವ್ಳೆ ನಾಯ್ನಾ. ಚಾಕು ಹಾಕಿದ್ರೆ ಅವ್ಳ ಮೇಲೇ ಹಾಕ್ದಂಗೆ."

"ಹಾಕದಿದ್ದರೆ ಹಸು, ಕರು ಎರಡೂ ಉಳಿಯಲ್ಲ."

ಹನುಮಕ್ಕ ಕೆಂದಿಯ ಕಣ್ಣನ್ನೇ ನೋಡಿದರು. "ಸರಿ, ಮೊದ್ಲು ಅಮ್ಮನ್ನ ಈಚೆಗೆ ತಗಿ. ಆಮೇಲಿಂದು ಆಮೇಲೆ."

ಇದನ್ನು ನಾವು ರೂಮಿನಾಟಮಿ ಎನ್ನುತ್ತೇವೆ. ಹಸುವನ್ನು ನಿಲ್ಲಿಸಿಯೇ, ಎಡ ಪಕ್ಕೆಗೆ ಮರಗಟ್ಟಿಸುವ ಮದ್ದು ಕೊಟ್ಟು, ದೊಡ್ಡ ಹೊಟ್ಟೆಯನ್ನು ತೆರೆದು ಕೈ ಇಳಿಸುವ ಶಸ್ತ್ರಚಿಕಿತ್ಸೆ. ಹಸು ನಡುವೆ ಕುಸಿದರೆ ಹೊಟ್ಟೆಯೊಳಗಿನದು ಗಾಯಕ್ಕೆ ಹರಿದು ನಂಜಾಗುತ್ತದೆ. ಕೊಟ್ಟಿಗೆಯ ಕಂಬಕ್ಕೆ ಹಗ್ಗ ಸುತ್ತಿ ಅದರ ತುದಿಯನ್ನು ಓಬಳೇಶನ ಕೈಗೆ ಕೊಟ್ಟೆ. ನಜೀರ್ ಮಗ್ಗುಲಿಗೆ ಆತು ನಿಂತ.

ತೋಳು ಭುಜದವರೆಗೆ ಒಳಗೆ ಹೋಯಿತು. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಎರಡನೆಯ ಹೊಟ್ಟೆಯ ಜೇನುಗೂಡಿನಂಥ ಗೋಡೆ ಬೆರಳಿಗೆ ಸಿಕ್ಕಿತು, ಅದರಾಚೆ ಹೃದಯ ಬಡಿಯುತ್ತಿತ್ತು. ತಂತಿಯ ತುದಿ ಆ ಬಡಿತದ ಕಡೆಗೇ ನಾಟಿತ್ತು. ಅವಸರದಲ್ಲಿ ಎಳೆದರೆ ಗೋಡೆ ಹರಿಯುತ್ತದೆ. ಉಸಿರು ಹಿಡಿದು, ನಾಟಿದ ದಾರಿಯಲ್ಲೇ ಹಿಂದಕ್ಕೆ ಜಾರಿಸಿದೆ. ಬಂತು. ಅದರ ಪಕ್ಕದಲ್ಲೇ ಬಿಲ್ಲೆಯೂ ಸಿಕ್ಕಿತು. ಎರಡನ್ನೂ ತಂದು ನೀರಿನ ಬೋಗುಣಿಗೆ ಹಾಕಿದೆ.

ಹನುಮಕ್ಕ ಬಗ್ಗಿ ನೋಡಿದವರೇ ಕಿರುಚಿದರು.

"ದೇವುಡಾ! ಇದ್ಯಾರ್ಲಾ ಇವ್ಳು, ತಲೆ ಕೆದರ್ಕೊಂಡು!"

ಎಷ್ಟೋ ವರ್ಷ ಶುಕ್ರವಾರ ಶುಕ್ರವಾರ ಮೆತ್ತಿದ ಅರಿಶಿನ ಕುಂಕುಮದ ಹಕ್ಕಳೆಯನ್ನು ಹೊಟ್ಟೆ ಎರಡು ದಿನದಲ್ಲಿ ತೊಳೆದುಹಾಕಿತ್ತು. ಕಪ್ಪಾದ ಬೆಳ್ಳಿಯ ಮೇಲೆ ಕೂದಲು ಬಿಚ್ಚಿಕೊಂಡ ಹೆಣ್ಣೊಬ್ಬಳು ಅಡ್ಡಮೋರೆಯಲ್ಲಿ ನೋಡುತ್ತಿದ್ದಳು.

"ನಮ್ಮಮ್ಮಂಗೆ ಮುಖ ಇಲ್ಲ. ಇದು ನಮ್ದಲ್ಲ. ನಮ್ಮಮ್ಮ ಇನ್ನಾ ಒಳಗೇ ಅವ್ಳೆ. ಕೈ ಹಾಕು ನಾಯ್ನಾ, ಇನ್ನೊಂದ್ ಕಿತ ಹಾಕು!"

ಓಬಳೇಶನ ಮುಖ ಬಿಳಿಚಿತು. ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಕೆಂದಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಮಂಡಿ ಮಡಿಸತೊಡಗಿತು. "ಸಾಬ್, ಕೂರ್ತೈತೆ! ಜಲ್ದಿ!" ಎಂದು ನಜೀರ್ ಭುಜ ಕೊಟ್ಟ.

ಮತ್ತೆ ಕೈ ಇಳಿಸಿದರೆ ಚುಚ್ಚಿದ ಜಾಗ ಹರಿಯಬಹುದಿತ್ತು. ಇಳಿಸದಿದ್ದರೆ ಇವರು ಹಸುವನ್ನು ಹಿಡಿಯುವುದಿಲ್ಲ.

"ರತ್ನಮ್ಮ, ಈ ಬಿಲ್ಲೆ ಯಾವುದರ ಮೇಲಿತ್ತು?"

"ಹುತ್ತದ ಮಣ್ಣಿನ ಮುದ್ದೆ ಸಾರ್. ಅರಿಶಿನ ಕಲ್ಸಿ ಕಟ್ಟಿದ್ದು. ಅದ್ರ ಮ್ಯಾಲೆ ಒತ್ತಿಕ್ಕಿರ್ತೀವಿ."

"ತಗೊಂಡು ಬಾ. ಓಡು."

ಅವಳು ತರುವಷ್ಟರಲ್ಲಿ ಬೋಗುಣಿಯಲ್ಲಿದ್ದ ಬಿಲ್ಲೆಯನ್ನು ಮಗುಚಿದೆ. ಹದ್ದು, ಅದರ ರೆಕ್ಕೆ. ಬರಿಗಣ್ಣಿಗೇ ಕಂಡಿತು, ಮೂರೆಲೆ! ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆನೇನೋ. ಅಂದು ಅದನ್ನು ಅಲ್ಲೇ ಬಿಟ್ಟು ಗಾಯದ ಕಡೆ ತಿರುಗಿದೆ.

ಒಣಗಿ ಕಲ್ಲಾಗಿದ್ದ ಮುದ್ದೆ ಬಂತು. ನನ್ನ ಎರಡೂ ಕೈ ಹೊಟ್ಟೆಯ ಅಂಚನ್ನು ಹಿಡಿದಿದ್ದವು. "ರತ್ನಮ್ಮ, ಚೀಲದಲ್ಲಿ ಭೂತಗನ್ನಡಿ ಇದೆ, ತೆಗಿ. ಬಿಲ್ಲೆಯ ಮೇಲೆ ಹಕ್ಕಿಯ ರೆಕ್ಕೆ ಕೆಳಗೆ ಎಷ್ಟೆಲೆ?"

"ಮೂರು. ಆಚೆ ಕಡೀಗೂ ಮೂರು ಸಾರ್."

"ಮುದ್ದೆಯಲ್ಲಿ ಬಿಲ್ಲೆ ಕೂತಿದ್ದ ಗುಂಡಿಯಲ್ಲಿ?"

ಅವಳ ತುಟಿ ಅಲುಗಿತು. "ಇಲ್ಲೂ ಹಕ್ಕಿ ಐತೆ ಅತ್ತೆ! ಮೂರ್ ಮೂರೇ ಎಲೆ!"

"ಹನುಮಕ್ಕ, ಈ ಜಾತಿ ಬಿಲ್ಲೆಗೆಲ್ಲ ಸಾಮಾನ್ಯವಾಗಿ ಎರಡೇ ಎಲೆ. ಮೂರು ಇರೋದು ನಾನೂ ಕೈಯಲ್ಲಿ ಹಿಡಿದಿದ್ದು ಇವತ್ತೇ. ನನ್ನ ಮಾತು ಬಿಡಿ. ನೀವೇ ಕೂರಿಸಿ ನೋಡಿ."

ಮುಟ್ಟಲು ಹೆದರಿದರು. ಆಮೇಲೆ ಸೆರಗಿನ ತುದಿಯಲ್ಲಿ ಬಿಲ್ಲೆಯನ್ನು ಎತ್ತಿ ಗುಂಡಿಯ ಮೇಲಿಟ್ಟರು. ಕೂರಲಿಲ್ಲ. ಸೆರಗು ಬಿಟ್ಟು, ಬರಿ ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಬಂದಾಗ ಅದು ತಾನಾಗಿ ಒಳಗಿಳಿದು ಕೂತಿತು, ಅಲುಗಾಡಿಸಿದರೂ ಜರುಗಲಿಲ್ಲ.

ಮುದುಕಿ ಮಗನ ಕಡೆ ತಿರುಗಿದರು. "ಲೇ, ನಿಂತ್ಕಂಡು ಏನ್ ನೋಡ್ತೀಯ? ಹಗ್ಗ ಬಿಗೀಲಾ!"

ಹಗ್ಗ ಬಿಗಿಯಿತು, ಕೆಂದಿ ನಿಂತಿತು, ನಾನು ಹೊಲಿದೆ. ಕೊನೆಯ ಹೊಲಿಗೆ ಹಾಕಿದ ಮೇಲೆಯೇ ಅದು ಕಾಲು ಮಡಿಸಿ ಮಲಗಿದ್ದು.

ಹೊಲಿಗೆ ಬಿಚ್ಚಲು ಹೋದಾಗ ಕೆಂದಿ ಮೆಲುಕು ಹಾಕುತ್ತಿತ್ತು. ಹನುಮಕ್ಕ ಬಿಲ್ಲೆಯ ಮುಖಕ್ಕೆ ಮತ್ತೆ ಅರಿಶಿನ ಮೆತ್ತುತ್ತಿದ್ದರು. ಹದ್ದು, ಮೂರೆಲೆ ಎಲ್ಲ ಮುದ್ದೆಯೊಳಗೆ ಮರೆಯಾಗಿದ್ದವು. ಈ ಸಲ ತಂತಿ ಇರಲಿಲ್ಲ, ಮೇಣದಲ್ಲಿ ಕೂರಿಸಿದ್ದರು. ಅದು ಅಮೆರಿಕದಿಂದ ಬಂದದ್ದೆಂದು ಹೊಲಿಗೆ ಹಾಕಿದ ದಿನವೇ ಹೇಳಿದ್ದೆ. "ಅವತ್ತು ಅಂಗೆ ಹೆದ್ರುಬುಟ್ಟೆ" ಎಂದರು. "ಅಷ್ಟ್ ದೂರದಿಂದ ಬಂದೋಳು. ಜಡೆ ಹಾಕಾಕೆ ಯಾರಿದ್ರು, ಪಾಪ." ನಾನು ಬಿಲ್ಲೆಯನ್ನು ಇನ್ನೊಮ್ಮೆ ನೋಡಲು ಕೇಳಲಿಲ್ಲ. ಮೂರೆಲೆಯ ನಾಣ್ಯ ಇಂದಿಗೂ ನನ್ನ ಸಂಗ್ರಹದಲ್ಲಿಲ್ಲ.

ಅಲ್ಲಿಯವರೆಗೆ ಹೆದರಿದ ರೈತರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು, "ಏನೂ ಆಗಲ್ಲ, ಸುಮ್ಮನಿರಿ." ಆ ಮಾತಿಂದ ಯಾರ ಭಯವೂ ಇಳಿದದ್ದನ್ನು ಕಂಡಿಲ್ಲ. ನನ್ನದು ಇಳಿದದ್ದು ಹೊಟ್ಟೆಯೊಳಗಿನ ಕತ್ತಲೆಯಲ್ಲಿ ತಂತಿ ಬೆರಳಿಗೆ ಸಿಕ್ಕಾಗ, ಹನುಮಕ್ಕನದು ಬಿಲ್ಲೆ ಗುಂಡಿಯಲ್ಲಿ ಕೂತಾಗ. ಅಂದಿನಿಂದ, ಹೆದರಿದವರ ಕೈಯನ್ನೇ ಹಿಡಿದು, ಹೆದರಿಕೆಗೆ ಕಾರಣವಾದದ್ದು ಇರುವ ಜಾಗಕ್ಕೆ ಮುಟ್ಟಿಸುತ್ತೇನೆ. ಮಾತು ಆಮೇಲೆ.