ಮೇಜಿನ ಖಾನೆಯಲ್ಲಿ ಉಳಿದ ಟಿ.ಸಿ.

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಏನೋ ನೆಪ ಮಾಡಿಕೊಂಡು ಎದ್ದಿದ್ದೇನೆ.

ನಾನು ವಾಡಿಯ ಒಂದು ಶಾಲೆಯಲ್ಲಿ ಗುಮಾಸ್ತನಾಗಿದ್ದಾಗ ಒಬ್ಬ ಹೆಂಗಸು ಮಗಳನ್ನು ಸೇರಿಸಲು ಬಂದಳು. ಗಂಡ ಕಲ್ಲುಗಣಿಯ ಕೂಲಿಯವನು, ಗಣಿ ನಿಂತಾಗಲೆಲ್ಲ ಮನೆ ಕಿತ್ತು ಹೊರಡಬೇಕು. ಶಹಾಬಾದಿನಲ್ಲಿ ಆಕೆ ಕುಪ್ಪಸ ಹೊಲಿದಿದ್ದಳು, ಚಿತ್ತಾಪುರದಲ್ಲಿ ಬಾಣಂತಿಯರಿಗೆ ನೀರೆರೆದಿದ್ದಳು, ವಾಡಿಯಲ್ಲಿ ಕ್ಯಾಂಟೀನಿಗೆ ರೊಟ್ಟಿ ಬಡಿಯುತ್ತಿದ್ದಳು. "ಈ ಸಲ ಇಲ್ಲೇ ಇರ್ತೀವ್ರಿ ಸಾಹೇಬ್ರ" ಎನ್ನುವಳು. ಎನ್ನುವಾಗ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತುವಳು.

ಎರಡೇ ವರ್ಷಕ್ಕೆ ಆಕೆಗೆ ಚಿಂಚೋಳಿಯಲ್ಲಿ ಬಾಲವಾಡಿ ಕೆಲಸ ಸಿಕ್ಕಿತು. ಮಗಳ ಟಿ.ಸಿ.ಗೆ ಅರ್ಜಿ ಕೊಟ್ಟು, ಮೂರನೆಯ ದಿನ ಮಧ್ಯಾಹ್ನ ಗಂಟುಮೂಟೆಯೊಡನೆ ಬಂದಳು.

"ನಿಮ್ಮ ಮನಿಗಿ ಗಾಲಿ ಅದಾವೇನವಾ?" ಎಂದೆ.

"ಗಾಲಿ ಇದ್ದಿದ್ರ ಛಲೋ ಇತ್ರಿ, ತಲಿ ಮ್ಯಾಲ ಹೊರೂದು ತಪ್ಪತಿತ್ತು. ಲಗೂ ಕೊಡ್ರಿ, ಸೇಡಂ ಗಾಡಿ ಬರೂ ಹೊತ್ತಾತು, ಅಲ್ಲಿಂದ ಚಿಂಚೋಳಿ ಬಸ್ ಹಿಡೀಬೇಕು."

ಹೆಡ್‌ಮಾಸ್ತರರ ಸಹಿಯಾದ ಟಿ.ಸಿ. ನನ್ನ ಮೇಜಿನ ಖಾನೆಯಲ್ಲೇ ಇತ್ತು. ಆದರೆ ಕೇಳಿದ ಕೂಡಲೇ ಕಾಗದ ಕೊಟ್ಟರೆ ಗುಮಾಸ್ತನಿಗೆ ಬೆಲೆಯಿಲ್ಲ ಎಂಬುದು ನಮ್ಮ ರೂಢಿ. "ಸಹಿ ಆಗಿಲ್ಲ, ನಾಳಿ ಬರ್ರಿ" ಎಂದೆ. ಆಕೆ ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು, ಮಗಳ ಕೈ ಹಿಡಿದು ಸ್ಟೇಷನ್ನಿಗೆ ಓಡಿದಳು.

ತಿಂಗಳ ಮೇಲೆ ಕಾರ್ಡು ಬಂತು. ಟಿ.ಸಿ. ಇಲ್ಲದೆ ಅಲ್ಲಿ ಸೇರಿಸಿಕೊಳ್ಳುತ್ತಿಲ್ಲ, ಟಪಾಲಿನಲ್ಲಿ ಕಳಿಸಿರಿ, ಹುಡುಗಿ ದಿನಾ ಕೇಳುತ್ತಾಳೆ ಎಂದಿತ್ತು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಆಗ ಸಹಿಯ ಕೆಳಗಿನ ತಾರೀಖು ಕಣ್ಣಿಗೆ ಬಿತ್ತು. ಅದು ಆಕೆ ಟಿ.ಸಿ. ಒಯ್ಯಲು ಬಂದದ್ದರ ಹಿಂದಿನ ದಿನದ್ದು. ನನ್ನ ಸುಳ್ಳು ಗೊತ್ತಾದೀತೆಂದು ಕಳಿಸಲಿಲ್ಲ. ಎರಡನೆಯ ಕಾರ್ಡಿಗೂ ಉತ್ತರಿಸಲಿಲ್ಲ. ಮೂರನೆಯದು ಬರಲಿಲ್ಲ.

ತಾಯಿಯ ಹೆಸರು ಬರೆಯುವ ಧೈರ್ಯ ನನಗಿಲ್ಲ. ನನ್ನಿಂದ ಓದು ನಿಂತದ್ದು ಮಗಳದು, ನಾಲ್ಕನೆಯ ತರಗತಿ ಮುಗಿಸಿದ್ದ ಮೆಹಬೂಬಿಯದು.