ಕತ್ತರಿಸಿದ ಮಂಗಳ

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಗಾಬರಿಯಲ್ಲಿ ಜಪಾನಿನ ಯೋಕೋಹಾಮಾದ ಕಂಪನಿಯೊಂದು ನನ್ನ ಗಂಡನನ್ನು ಕರೆಸಿಕೊಂಡಿತ್ತು. ಅವರು ಸೂಟ್‌ಕೇಸಿನ ಜೊತೆ ಸ್ಯಾಕ್ಸೊಫೋನನ್ನೂ ಹೊತ್ತು ತಂದರು. ನಮ್ಮ ಮಾವನವರು ಮಂಗಳೂರಿನ ಕಡೆ ದೇವಸ್ಥಾನ, ಮದುವೆಗಳಲ್ಲಿ ಅದನ್ನೇ ನುಡಿಸಿ ಮಕ್ಕಳನ್ನು ಓದಿಸಿದವರು.

ಇಲ್ಲಿ ಇವರಿಗೆ ಗಂಟುಬಿದ್ದದ್ದು ಒಂದು ವಿಚಿತ್ರ ಬ್ಯಾಂಡು. ಗಿಟಾರಿನವರು ಒಂದೇ ತಂತಿಯನ್ನು ಮೀಟುತ್ತಾ ಮೀಟುತ್ತಾ ಕೋಣೆ ತುಂಬಿಸುತ್ತಿದ್ದರು. ಅದರ ನಡುವೆ ಇವರು ತಾಳ ಬಿಟ್ಟು, ರಾಗ ಬಿಟ್ಟು ಊದಬೇಕು. ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಿದೆ ಎಂದು ನಾನು ರೇಗಿಸುತ್ತಿದ್ದೆ. ಆದರೆ ಅಲ್ಲಿ ಊದಿ ಬಂದಾಗ ಇರುತ್ತಿದ್ದಷ್ಟು ಖುಷಿ ಆಫೀಸಿನಿಂದ ಬಂದಾಗ ಅವರಲ್ಲಿ ನಾನು ಎಂದೂ ಕಂಡಿಲ್ಲ.

ಅವರ ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ಮುಗಿದ ದಿನ, ಕೊನೆಯ ತುಣುಕಿನ ಬೆನ್ನಿಗೇ ಇವರು ಅಭ್ಯಾಸಬಲದಿಂದ ಮಂಗಳ ನುಡಿಸಿಬಿಟ್ಟರು. ಮಂಗಳವಿಲ್ಲದೆ ಕಚೇರಿಯಿಂದ ಏಳಬಾರದು ಎಂಬುದು ಮಾವನವರ ಕಟ್ಟುನಿಟ್ಟು. ಆಮೇಲೆ ಸ್ವಲ್ಪ ದಿನಕ್ಕೇ ಇವರು ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಬೇರೇನೂ ಕೇಳಲಿಲ್ಲ.

“ಸಿಡಿ ಬಂದ್ರೆ ಕೊನೇಲಿ ಮಂಗಳ ಇದೆಯಾ ನೋಡು ಕಣೇ.”

ಸಿಡಿ ಬಂದದ್ದು ಅವರು ಹೋದ ಮೇಲೆ. ಗಿಟಾರಿನವರೇ ಮನೆಗೆ ತಂದುಕೊಟ್ಟರು. ಕೊನೆಯವರೆಗೂ ಕೇಳಿದೆವು, ಮಂಗಳ ಇರಲಿಲ್ಲ. ಅದು ಯಾಕಿಲ್ಲ, ಬೇಕೇ ಬೇಕು ಎಂದು, ಇಲ್ಲೇ ಶಾಲೆಗೆ ಹೋಗಿ ಜಪಾನಿ ಕಲಿತಿದ್ದ ಮಗಳ ಬಾಯಲ್ಲಿ ಕೇಳಿಸಿದೆ. ತಮ್ಮ ಸಂಗೀತಕ್ಕೆ ಕೊನೆ ಎನ್ನುವುದೇ ಇರಬಾರದು, ಸದ್ದು ತಾನಾಗಿ ಆರಬೇಕು, ಅದಕ್ಕೇ ಆ ಪುಟ್ಟ ಧಾಟಿಯನ್ನು ಕತ್ತರಿಸಿದ್ದೇವೆ ಎಂದರು. ಅದು ಏನೆಂದು ಮಗಳು ವಿವರಿಸಿದಾಗ ಅವರ ಮುಖ ಬಾಡಿತು. ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, ಸುಮಿಮಾಸೆನ್, ಕ್ಷಮಿಸಿ, ಟೇಪು ಇದೆ, ಮುಂದಿನ ಪ್ರತಿಗಳಲ್ಲಿ ಸೇರಿಸುತ್ತೇನೆ ಎಂದರು.

ಅಲ್ಲಿಯವರೆಗೂ ಅದೇ ಬೇಕೆಂದು ಹಟ ಹಿಡಿದಿದ್ದವಳು ನಾನು. ಆ ಮಾತು ಕೇಳಿದ್ದೇ ತಡ, ಬೇಡವೆನ್ನಿಸಿತು. ಮಂಗಳ ಆದ ಮೇಲೆ ಇನ್ನೇನಿರುತ್ತದೆ? ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ.

“ಬೇಡ ಅನ್ನು,” ಎಂದೆ ಮಗಳಿಗೆ. “ಅದು ಬಂದ್ರೆ ಎಲ್ಲಾ ಮುಗೀತು ಅಂತ. ಹೀಗೇ ಇರ್ಲಿ ಅನ್ನು.”

ಅವಳು ಅದನ್ನು ಜಪಾನಿ ಭಾಷೆಗೆ ತಿರುಗಿಸಲಿಲ್ಲ. ಯಾವಾಗಲೂ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರಿಸುವ ಹುಡುಗಿ, ಅವತ್ತು ಪದ ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದಳು.

“ಅಪ್ಪಂಗೆ ಬೇಕಿತ್ತು ಅಮ್ಮಾ. ಮುಗೀಲಿ.”

ಆಮೇಲೆ ಗಿಟಾರಿನವರ ಕಡೆ ತಿರುಗಿ, ದಯವಿಟ್ಟು ಸೇರಿಸಿ ಎಂದು ಅವರ ಭಾಷೆಯಲ್ಲಿ ಕೇಳಿಕೊಂಡಳು. ನಾನು ತಡೆಯಲಿಲ್ಲ.