ಮಾವನ ಮನೆಯ ಖಾಯಂ ನೆಂಟರು

ಮದುವೆಯಾದ ಹೊಸತರಲ್ಲಿ ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಗುಮಾಸ್ತ. ಇದ್ದದ್ದು ಪೇಟೆಯಲ್ಲೇ ಇದ್ದ ಸೋದರಮಾವನ ಮನೆಯ ಹಿಂದಿನ ಎರಡು ಕೋಣೆಯಲ್ಲಿ. ಬಾಡಿಗೆ ಎಷ್ಟೆಂದು ಕೇಳಿದರೆ ಮಾವ ಉರಿದುಬಿದ್ದ.

"ಥೋ! ನೆಂಟರ ಹತ್ರ ಬಾಡಿಗೆ ತಗಂಬದಾ?"

ಔದಾರ್ಯವೂ ಇಲ್ಲ, ಮಣ್ಣೂ ಇಲ್ಲ. ಬಾಡಿಗೆ ತೆಗೆದುಕೊಂಡರೆ ಕಾಯಿದೆ ಹಿಡಿದು ಇವನು ತಳವೂರಿಯಾನೆಂಬ ಹೆದರಿಕೆ. ಅದಕ್ಕೇ ಬಂದವರಿಗೆಲ್ಲ "ಇವ್ವು ನೆಂಟರು" ಎಂದು ಸಾರುತ್ತಿದ್ದ. ಬಾಡಿಗೆಯ ಬದಲಿಗೆ ನಾನು ಅವನ ಸೌದೆ ಒಡೆಯಬೇಕು, ಹೆಂಡತಿ ಅವನ ದನ ಕರೆಯಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಹೆಂಡತಿ ತುಂಬಿದ ಬಸುರಿಯಾಗಿದ್ದಾಗ ಮಾವನ ಅಳಿಯನಿಗೆ, ಅಂದರೆ ಮಗಳ ಗಂಡನಿಗೆ, ಯಲ್ಲಾಪುರದಿಂದ ಶಿರಸಿಗೆ ವರ್ಗವಾಯಿತು. ಅವನಿಗೆ ನಮ್ಮ ಕೋಣೆ ಬೇಕು. ಆದರೆ ನೆಂಟರನ್ನು ಏಳಿ ಎನ್ನುವುದು ಹೇಗೆ? ಮಾವ ದಿನವೂ ಜಗುಲಿಯಲ್ಲಿ ಕೂತು, ಪೇಟೆಯಲ್ಲಿ ಎಷ್ಟೊಂದು ಮನೆ ಖಾಲಿ ಇವೆ ಎಂದು ಕಂಬಕ್ಕೆ ಹೇಳತೊಡಗಿದ. ನನಗೆ ಪಿತ್ತ ನೆತ್ತಿಗೇರಿತು. ವಖಾರಿಯ ಹಿಂದಿನ ಸೋರುವ ಕೋಣೆಯಾದರೂ ಸರಿ ಎಂದು ಗಾಡಿ ತರಿಸಿ ಟ್ರಂಕು ಹೇರಿದೆ. ಅಲ್ಲಿ ಹೆರಿಗೆ ಹೇಗೆಂಬುದು ಮಾತ್ರ ತಿಳಿದಿರಲಿಲ್ಲ.

ನಮ್ಮಲ್ಲಿ ಹೊರಟ ನೆಂಟರನ್ನು ತಡೆಯದೆ ಕಳಿಸುವ ಪದ್ಧತಿಯಿಲ್ಲ. ಯಜಮಾನ ಇರಿ ಎನ್ನಬೇಕು, ನೆಂಟ ಇಲ್ಲ ಎನ್ನಬೇಕು. ಅಕ್ಕಪಕ್ಕದವರು ನೋಡುತ್ತಿದ್ದಂತೆ ಹೆಂಡತಿ ಮಾವನಿಗೆ ನಮಸ್ಕರಿಸಿದಳು. ಮಾವನ ನಾಲಿಗೆ ತನ್ನಷ್ಟಕ್ಕೆ ಹೊರಳಿತು.

"ಇಷ್ಟು ಗಡಿಬಿಡಿ ಎಂತಕ್ಕೆ ಕೂಸೇ? ಬಾಣಂತನ ಮುಗಿಸ್ಕಂಡೇ ಹೋಗಲಾಗ್ತಿತ್ತು."

"ಅಡ್ಡಿಲ್ಲೆ ಮಾವಾ, ಹಾಂಗೇ ಮಾಡ್ತೆ" ಎಂದವಳೇ ಸೀದಾ ಒಳಗೆ ಹೋಗಿ ಒಲೆ ಹಚ್ಚಿದಳು.

ನಾನು ಟ್ರಂಕು ಇಳಿಸಿದೆ. ಅಳಿಯ ಅಟ್ಟದ ಮೇಲೆ ಅಡಿಕೆ ಚೀಲಗಳ ನಡುವೆ ಮಲಗಿದ. ಮಗಳು ಹುಟ್ಟಿದ್ದು ಆ ಬೆಚ್ಚನೆಯ ಹಿಂಗೋಣೆಯಲ್ಲೇ. ಆಮೇಲೆ ಮಾವ ಅವಳನ್ನು ತೋಳಿನಿಂದ ಕೆಳಗಿಳಿಸಿದ್ದನ್ನು ನಾನು ಕಂಡದ್ದೇ ಕಡಿಮೆ.

ಮಗಳಿಗೆ ನಡೆಯಲು ಬರುವ ಹೊತ್ತಿಗೆ ಬೇರೆ ಮನೆ ಸಿಕ್ಕಿತು. ಈ ಸಲ ಮಾವ ತುಟಿ ಬಿಗಿಹಿಡಿದಿದ್ದ. ಒಂದು ಮಾತು ಹೇಳಿ ಎಂದು ಅತ್ತೆ ತಿವಿದರೆ "ಸುಮ್ನಿರೇ, ಇವ ಉಳ್ದೇ ಬಿಡ್ತ" ಎಂದು ಗದರಿದ. ಮಗಳನ್ನು ಮಾತ್ರ ಗಾಡಿಗೆ ಕೊಡದೆ, ಹೆಗಲ ಮೇಲೆ ಕೂರಿಸಿಕೊಂಡು ಹೊಸ ಮನೆಯವರೆಗೂ ನಡೆದು ಬಂದ.

ಕೂತು ಎಲೆಯಡಿಕೆಯ ಕವಳ ಹಾಕಿ, ಮಗುವನ್ನು ಇಳಿಸಿ, "ಹೊರಡ್ತೆ" ಎಂದು ಎದ್ದ. ಕಣ್ಣು ಒದ್ದೆಯಾಗಿತ್ತು, ಮುದುಕನದು. ನನ್ನ ನಾಲಿಗೆಯೂ ಅದೇ ಊರಿನದು.

"ಇನ್ನೆರಡು ದಿನ ಇದ್ಕಂಡು ಹೋಗಲಾಗ್ತಿತ್ತು ಮಾವಾ."

"ಅಡ್ಡಿಲ್ಲೆ" ಎಂದು ಮಾವ ಮತ್ತೆ ಕೂತ.